ಧಾರವಾಡ ಸೀಮೆಯ ವಿದ್ಯಾರ್ಥಿ ವಸತಿಗಳು: ದೀಪ, ಉರುವಲು ಮತ್ತು ಕಟ್ಟಡ ಪರಂಪರೆ
(ಕಲಘಟಗಿ ಪರಿಸರವನ್ನು ಅನುಲಕ್ಷಿಸಿ)

ಕರ್ನಾಟಕದ ಶಿಕ್ಷಣ ಇತಿಹಾಸವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಅಗ್ರಹಾರ, ಘಟಿಕಾಸ್ಥಾನ ಹಾಗೂ ಮಠಗಳ ಪಠ್ಯಕ್ರಮ, ಆಚಾರ್ಯ ಪರಂಪರೆ ಮತ್ತು ದಾನಿಗಳ ವಿವರಗಳನ್ನು ಅವಲಂಬಿಸಿವೆ. ಕಲಿಯಲು ಬಂದವರು ಎಲ್ಲಿ ಮಲಗಿದರು, ಯಾವ ಬೆಳಕಿನಲ್ಲಿ ಓದಿದರು, ಅವರ ಅನ್ನ ಎಲ್ಲಿಯ ಕಟ್ಟಿಗೆಯಿಂದ ಬೆಂದಿತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದರೆ ಒಂದು ವಿದ್ಯಾಕೇಂದ್ರ ಎಷ್ಟು ಮಂದಿಗೆ ಆಸರೆಯಾಗಬಲ್ಲದು ಎಂಬುದನ್ನು ಅಂತಿಮವಾಗಿ ನಿರ್ಧರಿಸುತ್ತಿದ್ದುದು ಈ ಸಾಮಾನ್ಯ ಸಂಗತಿಗಳೇ. ಇಂದು ಇವನ್ನು ‘ಇಂಧನ ಮಿತವ್ಯಯ’ ಎಂಬ ಹೆಸರಿನಲ್ಲಿ ವಾಸ್ತುಶಿಲ್ಪಿಗಳೂ, ‘ಪರಂಪರೆಯ ಸಂರಕ್ಷಣೆ’ ಎಂಬ ಹೆಸರಿನಲ್ಲಿ ಪುರಾತತ್ವ ಇಲಾಖೆಗಳೂ ಬೇರೆ ಬೇರೆಯಾಗಿ ಚರ್ಚಿಸುತ್ತಿವೆ. ಧಾರವಾಡ ಸೀಮೆಯ ವಿದ್ಯಾರ್ಥಿ ವಸತಿಗಳ ಇತಿಹಾಸವನ್ನು ಗಮನಿಸಿದರೆ ಇವೆರಡೂ ಮೂಲತಃ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಸ್ಪಷ್ಟವಾಗುತ್ತದೆ. ಕಲಘಟಗಿಯಂಥ ತಾಲೂಕಿನಿಂದ ಧಾರವಾಡ, ಹುಬ್ಬಳ್ಳಿಗಳಿಗೆ ಓದಲು ಹೋಗುವ ಮಕ್ಕಳ ದೃಷ್ಟಿಯಿಂದ ಈ ವಿಷಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಶಾಸನಗಳಲ್ಲಿ ವಸತಿ ಮತ್ತು ಬೆಳಕು

ವಿದ್ಯಾರ್ಥಿ ವಸತಿಯ ಅತ್ಯಂತ ಸ್ಪಷ್ಟವಾದ ಪ್ರಾಚೀನ ಉಲ್ಲೇಖಗಳಲ್ಲಿ ಒಂದು ವಿಜಯಪುರ ಜಿಲ್ಲೆಯ ಇಂಡಿ ಭಾಗದ ಸಾಲೋಟಗಿಯಲ್ಲಿ ದೊರೆತಿದೆ. ಶಕ 867, ಅಂದರೆ ಕ್ರಿ.ಶ. 945ರ ಈ ಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನು ಕುರಿತದ್ದು. ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಶಾಲೆಗೆ 500 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ, ದೀಪಗಳಿಗೆ 12 ನಿವರ್ತನ ದತ್ತಿಯಾಗಿದ್ದವು. ಇವುಗಳ ಜೊತೆಗೆ 27 ನಿವೇಶನಗಳೂ ಇದ್ದು, ಅವು ವಿದ್ಯಾರ್ಥಿಗಳ ವಾಸಕ್ಕೆಂದು ಮೀಸಲಾದವೆಂದು ವಿದ್ವಾಂಸರು ಅರ್ಥೈಸಿದ್ದಾರೆ. ಊರಿನಲ್ಲಿ ಮದುವೆ, ಉಪನಯನಗಳಂಥ ಶುಭಕಾರ್ಯ ನಡೆದಾಗ ಶಾಲೆಗೆ ಕಾಣಿಕೆ ಸಲ್ಲಬೇಕೆಂಬ ನಿಯಮವೂ ಇತ್ತು.

ಈ ಅಂಕಿಗಳಲ್ಲಿ ದೀಪದ ಭೂಮಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಉಪಾಧ್ಯಾಯನ ಜೀವನಾಧಾರಕ್ಕೆ ಬಿಟ್ಟ ಭೂಮಿಯ ಸುಮಾರು ಕಾಲುಭಾಗದಷ್ಟನ್ನು ಕೇವಲ ಬೆಳಕಿಗಾಗಿ ತೆಗೆದಿರಿಸಲಾಗಿತ್ತು. ಸೂರ್ಯಾಸ್ತದ ನಂತರದ ಓದು ಎಷ್ಟು ದುಬಾರಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಎಣ್ಣೆ ಗಾಣದಿಂದ ಬರಬೇಕು, ಗಾಣಕ್ಕೆ ಎಳ್ಳು ಹೊಲದಿಂದ ಬರಬೇಕು. ಆದ್ದರಿಂದ ದೀಪವನ್ನು ದಾನ ಮಾಡುವುದೆಂದರೆ ಭೂಮಿಯನ್ನು ದಾನ ಮಾಡುವುದೇ ಆಗಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಘಟಿಕಾಶಾಲೆಯ ವಿದ್ಯಾರ್ಥಿಗಳು ಹಾಗೂ ಉಪಾಧ್ಯಾಯರ ಜೊತೆಗೆ ‘ಸರಸ್ವತೀ ಭಂಡಾರಿಗ’ರಿಗೂ, ಅಂದರೆ ಗ್ರಂಥಪಾಲಕರಿಗೂ, ವೃತ್ತಿಯನ್ನು ಕಲ್ಪಿಸಿದ್ದನ್ನು ತಿಳಿಸುತ್ತದೆ. ವಸತಿ, ಅಶನ, ಬೆಳಕು, ಗ್ರಂಥ ಈ ನಾಲ್ಕನ್ನೂ ಒಂದೇ ವ್ಯವಸ್ಥೆಯ ಅಂಗಗಳೆಂದು ಅಂದಿನವರು ಭಾವಿಸಿದ್ದರು.

ಇದಕ್ಕೆ ಪೂರಕವಾದ ಇನ್ನೊಂದು ಅಂಶವೆಂದರೆ ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದುದನ್ನು, ಬಿರಿದುದನ್ನು ಸರಿಪಡಿಸುವುದಕ್ಕೆಂದು ಮೂಲದತ್ತಿಯಲ್ಲಿಯೇ ಪಾಲನ್ನು ಇಡುವ ಈ ಪದ್ಧತಿ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಟ್ಟಡವನ್ನು ಕಟ್ಟಿದ ದಿನವೇ ಅದರ ದುರಸ್ತಿಯ ಖರ್ಚನ್ನೂ ಗೊತ್ತುಪಡಿಸುವ ಈ ವಿವೇಕವನ್ನು ಇಂದಿನ ವಸತಿನಿಲಯಗಳ ಅಂದಾಜುಪಟ್ಟಿಗಳಲ್ಲಿ ಹುಡುಕಬೇಕಾಗಿದೆ.

2. ಎರಡು ಮಾಡುಗಳ ಸೀಮೆ

ಧಾರವಾಡ ಜಿಲ್ಲೆ ವಿಸ್ತಾರದಲ್ಲಿ ದೊಡ್ಡದಲ್ಲವಾದರೂ ಪಶ್ಚಿಮದಿಂದ ಪೂರ್ವಕ್ಕೆ ಅದರ ಹವೆ ಬಹುಬೇಗ ಬದಲಾಗುತ್ತದೆ. ಹುಬ್ಬಳ್ಳಿ–ಅಂಕೋಲಾ ರಸ್ತೆಯ ಮೇಲಿರುವ ಕಲಘಟಗಿಯು ಅರೆಮಲೆನಾಡು. ಉತ್ತರ ಕನ್ನಡದ ಕಾಡು ಇಲ್ಲಿಂದ ದೂರವಿಲ್ಲ. ಭತ್ತ ಇಲ್ಲಿಯ ಮುಖ್ಯ ಬೆಳೆಗಳಲ್ಲಿ ಒಂದು. ಅರಗಿನ ಬಣ್ಣ ಹಾಕಿದ ಸಾಗವಾನಿಯ ಕಲಘಟಗಿ ತೊಟ್ಟಿಲು ಪ್ರಸಿದ್ಧವಾದುದರ ಹಿಂದೆ ಈ ಮರದ ಸಮೃದ್ಧಿಯಿದೆ. ಪೂರ್ವದ ನವಲಗುಂದ, ಅಣ್ಣಿಗೇರಿಗಳು ಮರ ವಿರಳವಾದ ಎರೆಭೂಮಿಯ ಬಯಲು. ಈ ವ್ಯತ್ಯಾಸ ಮನೆಗಳ ಮಾಡಿನಲ್ಲಿ ಕಣ್ಣಿಗೆ ಕಾಣುವಂತೆ ಮೂಡಿದೆ.

ಬಯಲಿನ ಮನೆ ಮೇಲ್ಮುದ್ದೆಯದು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೀಳು ಅಥವಾ ಕಡ್ಡಿಯ ಹಾಸು, ಅದರ ಮೇಲೆ ದಪ್ಪನಾದ ಮಣ್ಣಿನ ಪದರ, ಎಲ್ಲಕ್ಕೂ ಮೇಲೆ ನೀರನ್ನು ಒಳಬಿಡದ ಸವಳು ಮಣ್ಣು. ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಇದನ್ನು ಹೊಸದಾಗಿ ಹರಡಬೇಕು. ಮಾಡಿನ ನಡುವಣ ಬೆಳಕಿಂಡಿಯಿಂದ ಹಗಲ ಬೆಳಕು ನೇರವಾಗಿ ಪಡಸಾಲೆಗೆ ಇಳಿಯುತ್ತದೆ. ಒಲೆಯ ಹೊಗೆಯೂ ಕಾದ ಗಾಳಿಯೂ ಅದೇ ದಾರಿಯಿಂದ ಹೊರಹೋಗುತ್ತವೆ. ದಪ್ಪ ಮಣ್ಣಿನ ಗೋಡೆ ಮತ್ತು ಮಾಡು ಹಗಲಿನ ಬಿಸಿಲನ್ನು ನಿಧಾನವಾಗಿ ಹೀರಿ, ಅದು ಒಳಗೆ ತಲುಪುವ ಹೊತ್ತಿಗೆ ಹೊರಗೆ ತಂಪಾಗಿರುವಂತೆ ನೋಡಿಕೊಳ್ಳುತ್ತವೆ. ಹಗಲು-ಇರುಳಿನ ಉಷ್ಣತೆಯ ಅಂತರ ಹೆಚ್ಚಿರುವ ಬಯಲಿಗೆ ಇದು ತಕ್ಕ ಏರ್ಪಾಡು.

ಕಲಘಟಗಿಯ ಕಡೆಗೆ ಬಂದಂತೆ ಮಣ್ಣಿನ ಮಾಡು ನಿಲ್ಲದು. ಮುಂಗಾರಿನ ಜಡಿಮಳೆ ಪಶ್ಚಿಮದ ಗಾಳಿಯೊಡನೆ ಓರೆಯಾಗಿ ಬಡಿಯುವುದರಿಂದ ಇಳಿಜಾರು ಮಾಡು, ಗೋಡೆಯಿಂದ ಮುಂದೆ ಚಾಚಿದ ಸೂರು, ಮಳೆಗಾಲಕ್ಕೆಂದು ಪಶ್ಚಿಮದ ಗೋಡೆಗೆ ಕಟ್ಟುವ ತಟ್ಟಿ ಅನಿವಾರ್ಯವಾದವು. ಮೊದಲು ಹುಲ್ಲು ಅಥವಾ ಕುಂಬಾರರ ನಾಡಹಂಚು ಹೊದಿಸುತ್ತಿದ್ದ ಈ ಮಾಡುಗಳಿಗೆ ಮುಂದೆ ಮಂಗಳೂರು ಹಂಚು ಬಂದಿತು. ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ ತಮ್ಮ ಕೇಂದ್ರವನ್ನು ಆರಂಭಿಸಿದ್ದು 1837ರಲ್ಲಿ. ಅದೇ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ್ದು 1865ರಲ್ಲಿ. ಹೀಗೆ ಕರಾವಳಿಯ ಹಂಚು ಘಟ್ಟದ ಮೇಲಿನ ಶಾಲೆ, ಚಾವಡಿ, ವಸತಿಗಳ ಸಾಮಾನ್ಯ ಹೊದಿಕೆಯಾಗಿ ಪರಿಣಮಿಸಿತು. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಹೋಗುತ್ತದೆ, ಒಡೆದ ಹಂಚೊಂದನ್ನೇ ತೆಗೆದು ಬದಲಿಸಬಹುದು, ನಡುವೆ ಒಂದು ಗಾಜಿನ ಹಂಚನ್ನಿಟ್ಟರೆ ಹಗಲಿನಲ್ಲಿ ದೀಪವೇ ಬೇಡ.

ಈ ಎರಡೂ ಬಗೆಯ ಮನೆಗಳು ತಂಪನ್ನೂ ಬೆಳಕನ್ನೂ ಕಟ್ಟಡದಿಂದಲೇ ಪಡೆಯುತ್ತಿದ್ದವು. ಆದರೆ ಅವು ಬೇಡುತ್ತಿದ್ದ ಶ್ರಮ ಕಡಿಮೆಯದಲ್ಲ. ಸವಳು ಹರಡುವುದು, ಹಂಚು ಕೈಯಾಡಿಸುವುದು, ಗೋಡೆ ಸಾರಿಸುವುದು ಇವೆಲ್ಲ ವರ್ಷ ವರ್ಷವೂ ನಡೆಯಬೇಕಾದ ಕೆಲಸಗಳು. ದುಡಿಯುವ ಕೈಗಳು ಊರು ಬಿಟ್ಟಾಗ ಈ ಮನೆಗಳು ಸೋರಲಾರಂಭಿಸಿದವು. ಹಳೆಯ ಮನೆಯ ಗುಣವನ್ನು ಹೊಗಳುವವರು ಈ ಮಾತನ್ನು ಮರೆಯಲಾಗದು.

3. ಮಠ, ಕೇರಿ ಮತ್ತು ಕಾಲೇಜು

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಧುನಿಕ ಶಿಕ್ಷಣ ಧಾರವಾಡದಲ್ಲಿ ನೆಲೆಯೂರಿತು. 1883ರಲ್ಲಿ ಅರಟಾಳ ರುದ್ರಗೌಡರು ಮತ್ತು ಗಿಲಗಂಚಿ ಗುರುಸಿದ್ಧಪ್ಪನವರ ಮುಂದಾಳುತನದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಸ್ಥಾಪನೆಗೊಂಡಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು ಅಸ್ತಿತ್ವಕ್ಕೆ ಬಂದವು. ಕಾಲೇಜಿನ ಕಟ್ಟಡದ ಇತಿಹಾಸ ಪ್ರಸ್ತುತ ವಿಷಯಕ್ಕೆ ಮಹತ್ವದ್ದಾಗಿದೆ. ದಕ್ಷಿಣ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಒಂದಾಗಿ ಆಡಳಿತ ಮದ್ರಾಸಿಗೆ ಹೋದ ಮೇಲೆ ತೆರವಾದ ಆ ಭವ್ಯ ಕಟ್ಟಡದಲ್ಲಿಯೇ ಕಾಲೇಜು ನೆಲೆಗೊಂಡಿತು. ಈ ನಾಡಿನ ಉನ್ನತ ಶಿಕ್ಷಣದ ಮೊದಲ ಮನೆ ಹೊಸದಾಗಿ ಕಟ್ಟಿದುದಲ್ಲ, ಹಳೆಯದನ್ನು ಹೊಸ ಉಪಯೋಗಕ್ಕೆ ಹೊಂದಿಸಿಕೊಂಡುದು. ಇಂದು ಸಂರಕ್ಷಣಾ ತಜ್ಞರು ‘ಮರುಬಳಕೆ’ ಎಂದು ಶಿಫಾರಸು ಮಾಡುವ ಕ್ರಮಕ್ಕೆ ಧಾರವಾಡದಲ್ಲಿ ಶತಮಾನದ ಹಿಂದಿನ ಮೇಲ್ಪಂಕ್ತಿಯಿದೆ.

ಕಾಲೇಜು ಬಂದರೂ ಹಳ್ಳಿಯ ವಿದ್ಯಾರ್ಥಿಗೆ ಊಟ-ವಸತಿಯ ಪ್ರಶ್ನೆ ಉಳಿಯಿತು. ಇದಕ್ಕೆ ದೊರೆತ ಮುಖ್ಯ ಉತ್ತರ ಮಠಗಳ ಉಚಿತ ಪ್ರಸಾದ ನಿಲಯಗಳು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಮಹಾಸ್ವಾಮಿಗಳು ನಡೆಸಿದ ಪ್ರಸಾದ ನಿಲಯ ಇವುಗಳಲ್ಲಿ ಅಗ್ರಗಣ್ಯವಾದುದು. ಬಡ ಒಕ್ಕಲು ಮಕ್ಕಳ ತಲೆಮಾರುಗಳು ಅಲ್ಲಿದ್ದುಕೊಂಡು ಓದಿದವು. ಇಂಥ ನಿಲಯಗಳ ಆಧಾರ ಭಕ್ತರ ಹೊಲ ಮತ್ತು ಕಣ. ಸುಗ್ಗಿಯಲ್ಲಿ ಜೋಳ, ಬೇಳೆ, ಬೆಲ್ಲ ಹಳ್ಳಿಗಳಿಂದ ಕಾಣಿಕೆಯಾಗಿ ಬರುತ್ತಿದ್ದವು. ಉರುವಲೂ ಹಾಗೆಯೇ ಬರಬೇಕಾಗಿತ್ತು. ಬಯಲು ಸೀಮೆ ಕಾಳನ್ನು ಕೊಡಬಲ್ಲದಾದರೂ ಕಟ್ಟಿಗೆಯನ್ನು ಧಾರಾಳವಾಗಿ ಕೊಡಲಾರದು. ಕಟ್ಟಿಗೆಗೆ ಕಾಡಂಚಿನ ಪಶ್ಚಿಮ ಭಾಗವನ್ನೇ ನೋಡಬೇಕು. ಸಾಮೂಹಿಕ ಅಡುಗೆಮನೆಯಲ್ಲಿ ಒಂದೇ ದೊಡ್ಡ ಒಲೆಯ ಮೇಲೆ ನೂರಾರು ಜನರ ಅಡುಗೆಯಾಗುವುದರಿಂದ ತಲೆಗೆ ತಗಲುವ ಉರುವಲು ಬಿಡಿ ಮನೆಗಿಂತ ಕಡಿಮೆ. ಪಡಸಾಲೆಯಲ್ಲಿ ಸಾಲಾಗಿ ಮಲಗುವುದು, ಒಂದು ದೀಪದ ಸುತ್ತ ಹಲವರು ಓದುವುದು ಇವು ಬಡತನದ ಏರ್ಪಾಡುಗಳಾಗಿದ್ದಂತೆಯೇ ಮಿತವ್ಯಯದ ಏರ್ಪಾಡುಗಳೂ ಆಗಿದ್ದವು. ಉಳಿದ ಪ್ರತಿಯೊಂದು ಹೊರೆ ಕಟ್ಟಿಗೆ ಇನ್ನೊಬ್ಬ ಹುಡುಗನನ್ನು ಪಂಕ್ತಿಯಲ್ಲಿ ಕೂರಿಸಲು ನೆರವಾಗುತ್ತಿತ್ತು.

ಗುರುವಿನ ಮನೆಯೇ ವಸತಿಯಾದ ಇನ್ನೊಂದು ಕ್ರಮ ಕುಂದಗೋಳದಲ್ಲಿ ಕಾಣುತ್ತದೆ. 1930ರ ದಶಕದಲ್ಲಿ ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಬಳಿ ಇದ್ದುಕೊಂಡು, ಮನೆಗೆಲಸ ಮಾಡುತ್ತ, ನೀರು ಹೊರುತ್ತ ಸಂಗೀತ ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಅಲ್ಲಿಯ ನಾಡಿಗೇರ ವಾಡೆ ಇಂದಿಗೂ ಈ ಪರಂಪರೆಯೊಡನೆ ನೆನೆಯಲ್ಪಡುವ ಕಟ್ಟಡ. ವಿದ್ಯೆಗೆ ಆಸರೆ ಕೊಟ್ಟ ಕಾರಣದಿಂದಲೇ ಒಂದು ಮನೆ ಚಾರಿತ್ರಿಕವಾಗುವುದಕ್ಕೆ ಇದು ಉತ್ತಮ ನಿದರ್ಶನ.

ಆದರೆ ಈ ವಸತಿ ವ್ಯವಸ್ಥೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹಳೆಯ ಊರಿನ ಕೇರಿಗಳು ಜಾತಿಯ ಎಲ್ಲೆಗಳೂ ಆಗಿದ್ದವು. ಅಸ್ಪೃಶ್ಯರೆನಿಸಿದ ಸಮುದಾಯಗಳ ವಿದ್ಯಾರ್ಥಿಗೆ ಶಾಲೆಯಲ್ಲಿ ಪ್ರವೇಶ ದೊರೆತರೂ ಊರಿನಲ್ಲಿ ಬಾಡಿಗೆಯ ಕೋಣೆ ದೊರೆಯುತ್ತಿರಲಿಲ್ಲ. ಡಾ. ಬಿ.ಆರ್. ಅಂಬೇಡ್ಕರರು 1928ರಲ್ಲಿ ಸ್ಥಾಪಿಸಿದ ದಲಿತ ವರ್ಗಗಳ ಶಿಕ್ಷಣ ಸಂಘದ ಆಶ್ರಯದಲ್ಲಿ ಮುಂಬಯಿ ಪ್ರಾಂತದ ಕೆಲವೇ ಊರುಗಳಲ್ಲಿ ವಸತಿನಿಲಯಗಳು ಆರಂಭವಾದಾಗ ಅವುಗಳಲ್ಲಿ ಧಾರವಾಡವೂ ಒಂದಾಗಿತ್ತು. ಕೊಪ್ಪದಕೇರಿಯ ಈ ನಿಲಯ ಮುಂದೆ ಬುದ್ಧರಕ್ಕಿತ ವಸತಿ ಶಾಲೆಯೆಂದು ಹೆಸರಾಯಿತು. ಅಂಬೇಡ್ಕರರು ಸದಸ್ಯರಾಗಿದ್ದ ಸ್ಟಾರ್ಟ್ ಸಮಿತಿಯ 1930ರ ವರದಿಯೂ ಈ ವರ್ಗಗಳ ಶಿಕ್ಷಣಕ್ಕೆ ವಸತಿನಿಲಯಗಳ ಅಗತ್ಯವನ್ನು ಒತ್ತಿಹೇಳಿತು. ವಾಸ್ತುವಿನ ದೃಷ್ಟಿಯಿಂದ ಈ ನಿಲಯ ರೈಲ್ವೆ ಕಚೇರಿಯ ಕಟ್ಟಡಕ್ಕೆ ಸಾಟಿಯಲ್ಲದಿರಬಹುದು. ಇತಿಹಾಸದ ದೃಷ್ಟಿಯಿಂದ ಅದಕ್ಕಿಂತ ಕಡಿಮೆಯದಲ್ಲ. ಸಂರಕ್ಷಿಸಬೇಕಾದುದು ಕಂಬ, ಕಮಾನುಗಳನ್ನು ಮಾತ್ರವಲ್ಲ ಎಂಬುದಕ್ಕೆ ಕೊಪ್ಪದಕೇರಿ ಸಾಕ್ಷಿ.

4. ಸಿಮೆಂಟು ಮತ್ತು ವಿದ್ಯುತ್ತಿನ ಕಾಲ

1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ ಅದೇ ವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು 1954ರಿಂದ 1967ರವರೆಗೆ ಡಾ. ಡಿ.ಸಿ. ಪಾವಟೆಯವರ ಕುಲಪತಿತ್ವದಲ್ಲಿ ಊರ ಹೊರಗಿನ ಗುಡ್ಡದ ಮೇಲೆ ವಿಶಾಲವಾಗಿ ಬೆಳೆಯಿತು. ವಿದ್ಯಾರ್ಥಿಯ ವಾಸ ಕೇರಿಯಿಂದ ಆವರಣಕ್ಕೆ ಸ್ಥಳಾಂತರಗೊಂಡ ಕಾಲವಿದು. 2016ರಲ್ಲಿ ಆರಂಭವಾದ ಧಾರವಾಡದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸ್ವಂತ ಆವರಣ 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಾಗ ಈ ಕ್ರಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆದರೂ ಆವರಣದಲ್ಲಿ ಜಾಗ ದೊರೆಯದ ವಿದ್ಯಾರ್ಥಿಗಳು ಹಳೆಯ ಬಡಾವಣೆಗಳನ್ನೇ ಆಶ್ರಯಿಸುತ್ತಾರೆ. ಪರಿಣಾಮವಾಗಿ ಹಂಚಿನ ಮನೆಗಳು ಕೆಡವಲ್ಪಟ್ಟು, ಅದೇ ನಿವೇಶನದಲ್ಲಿ ಮೂರು-ನಾಲ್ಕು ಅಂತಸ್ತಿನ ಕಾಂಕ್ರೀಟು ಖೋಲಿಗಳು ಏಳುತ್ತವೆ.

ಕಾಂಕ್ರೀಟು ಮಾಡು ಸೋರುವಿಕೆಯ ಮತ್ತು ವಾರ್ಷಿಕ ದುರಸ್ತಿಯ ಚಿಂತೆಯನ್ನು ಕಡಿಮೆ ಮಾಡಿತೆಂಬುದು ನಿಜ. ಆದರೆ ಕೆಲವೇ ಅಂಗುಲ ದಪ್ಪದ ಆ ಹಲಗೆ ಹಗಲೆಲ್ಲ ಕಾದು, ವಿದ್ಯಾರ್ಥಿ ಓದಲು ಕೂರುವ ಸಂಜೆಯ ಹೊತ್ತಿಗೇ ಶಾಖವನ್ನು ಕೋಣೆಯೊಳಕ್ಕೆ ಬಿಡುತ್ತದೆ. ಒಂದೇ ಕಿಟಕಿಯ ಕೋಣೆಗಳ ನಡುವೆ ಕತ್ತಲೆಯ ಓಣಿ ಇರುವ ನಕ್ಷೆಯಲ್ಲಿ ಗಾಳಿ ಅಡ್ಡಹಾಯದು. ಹಗಲಿನಲ್ಲಿಯೂ ದೀಪ ಉರಿಯಬೇಕು, ಬೀಸಣಿಗೆ ತಿರುಗಬೇಕು. ಮುಂಗಾರಿನ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಒಣಗಿಸಲು ಪಡಸಾಲೆಯಿಲ್ಲದೆ ಕೋಣೆಯಲ್ಲಿಯೇ ಹಗ್ಗ ಕಟ್ಟುವುದರಿಂದ ಗೋಡೆಗಳು ಬೂಸಲು ಹಿಡಿಯುತ್ತವೆ. ಕಟ್ಟಡ ಮಾಡಬೇಕಾದ ಕೆಲಸವನ್ನು ವಿದ್ಯುತ್ತು ಮಾಡುತ್ತದೆ; ಅದರ ಬೆಲೆ ಬಾಡಿಗೆಯಲ್ಲಿ ಸೇರಿ ಕಲಘಟಗಿಯ ಒಕ್ಕಲಿಗನ ಮನೆಯಿಂದ ತಿಂಗಳು ತಿಂಗಳು ಸಲ್ಲುತ್ತದೆ. ಸಾಲೋಟಗಿಯಲ್ಲಿ ದಾನಿ ಹೊತ್ತ ಭಾರವನ್ನು ಇಲ್ಲಿ ವಿದ್ಯಾರ್ಥಿಯೇ ಹೊರುತ್ತಾನೆ.

ಪರ್ಯಾಯಗಳ ಶೋಧ ರಾಜ್ಯದಲ್ಲಿ ನಡೆಯದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕವು ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಬೇಯಿಸುವ ಅಸ್ತ್ರ ಒಲೆಯನ್ನು ರೂಪಿಸಿತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಸುಡದೆಯೇ ಒತ್ತಿ ಮಾಡುವ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ರಾಜ್ಯ ಸರ್ಕಾರವು 2007ರ ನವೆಂಬರ್ ಆದೇಶದಲ್ಲಿ ವಸತಿನಿಲಯಗಳೂ ಸೇರಿದಂತೆ ಹಲವು ಬಗೆಯ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು. ಹಂಡೆ ಒಲೆಗೆ ಸುಡುತ್ತಿದ್ದ ಕಟ್ಟಿಗೆಯನ್ನು ಬಿಸಿಲಿನಿಂದ ಉಳಿಸುವ ಈ ಕ್ರಮ ವಸತಿನಿಲಯಗಳಿಗೆ ವಿಶೇಷವಾಗಿ ಒಪ್ಪುವಂಥದು. ಏಕೆಂದರೆ ಅಲ್ಲಿ ನೂರಾರು ಜನರಿಗೆ ಒಂದೇ ಹೊತ್ತಿಗೆ ಬಿಸಿನೀರು ಬೇಕು.

5. ಕಾಯ್ದೆಯ ಎಲ್ಲೆಯೊಳಗೆ ವಿನ್ಯಾಸ

ಅಣ್ಣಿಗೇರಿಯ ಅಮೃತೇಶ್ವರ, ಕುಂದಗೋಳದ ಶಂಭುಲಿಂಗ, ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯಗಳು ಜನವಸತಿಯ ನಡುವೆಯೇ ಇರುವ ಕೇಂದ್ರ ಸಂರಕ್ಷಿತ ಸ್ಮಾರಕಗಳು. 1958ರ ಕೇಂದ್ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರುಗಳು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರುಗಳು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಇರುವ ಮನೆಯ ದುರಸ್ತಿ, ನವೀಕರಣಗಳಿಗೆ ಅನುಮತಿ ಪಡೆಯಬಹುದು. ಹಾಗಾಗಿ ಅಲ್ಲಿ ವಿದ್ಯಾರ್ಥಿಗಳಿಗೆ ವಸತಿ ಕಲ್ಪಿಸುವ ದಾರಿ ಒಂದೇ: ಹಳೆಯ ಮನೆಯನ್ನು ಉಳಿಸಿ ವಾಸಯೋಗ್ಯಗೊಳಿಸುವುದು. ಸಾಮಾನ್ಯವಾಗಿ ತೊಡಕೆಂದು ಭಾವಿಸಲಾಗುವ ಈ ನಿಯಮ, ಈಗಾಗಲೇ ಸುಟ್ಟ ಇಟ್ಟಿಗೆ, ಕೊರೆದ ಮರ, ಹೊತ್ತ ಕಲ್ಲುಗಳಲ್ಲಿ ಅಡಗಿರುವ ಶ್ರಮ ಮತ್ತು ಇಂಧನಗಳನ್ನು ಕಾಪಾಡುವ ನಿಯಮವೂ ಆಗುತ್ತದೆ. ಆದರೆ ಕಲಘಟಗಿಯ ಹಳೆಯ ಪೇಟೆಯ ವಾಸದ ಮನೆಗಳಂಥವು ಸ್ಮಾರಕಗಳ ಪಟ್ಟಿಗೆ ಸೇರುವುದಿಲ್ಲ. ಅವುಗಳ ಉಳಿವು ಮಾಲೀಕನ ಇಚ್ಛೆ ಮತ್ತು ಆದಾಯಗಳನ್ನೇ ಅವಲಂಬಿಸಿದೆ. ವಿದ್ಯಾರ್ಥಿ ವಸತಿಯಾಗಿ ಬಾಡಿಗೆ ತರುವಂತಾದರೆ ಮನೆಗೂ ಉಳಿಯಲು ಕಾರಣ ದೊರೆಯುತ್ತದೆ.

ವಿನ್ಯಾಸದ ಸೂತ್ರಗಳನ್ನು ಸ್ಥಳದಿಂದಲೇ ಪಡೆಯಬಹುದು. ಕಲಘಟಗಿಯು ಸುಮಾರು 15.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರಕ್ಕೆ ಇಳಿಯುತ್ತಾನೆ. ಆದ್ದರಿಂದ ಬೇಸಿಗೆಯ ಶಾಖ ಗೋಡೆಗಿಂತ ಹೆಚ್ಚಾಗಿ ಮಾಡಿನಿಂದ ಇಳಿಯುತ್ತದೆ. ಹಂಚಿನ ಕೆಳಗೆ ಮರದ ಅಥವಾ ಬಿದಿರಿನ ಒಳಮಾಡನ್ನು ಕೊಟ್ಟು ನಡುವೆ ಗಾಳಿಯಾಡಲು ಬಿಡುವುದು ಮೊದಲ ಕೆಲಸ. ಉದ್ದನೆಯ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖಮಾಡಿರಬೇಕು. ಪಶ್ಚಿಮಕ್ಕೆ ಬಚ್ಚಲು, ಉಗ್ರಾಣ, ಮೆಟ್ಟಿಲುಗಳನ್ನಿಟ್ಟರೆ ಸಂಜೆಯ ಬಿಸಿಲನ್ನೂ ಮಳೆಯ ಹೊಡೆತವನ್ನೂ ಅವೇ ತಡೆಯುತ್ತವೆ. ಪಡಸಾಲೆ ಓದುವ ಸ್ಥಳವಾಗಲಿ; ಹಗಲ ಬೆಳಕು ಬೆಳಕಿಂಡಿಯಿಂದ ಬರಲಿ. ಸೌರ ಫಲಕಗಳನ್ನು ಬೀದಿಗೆ ಕಾಣುವ ಮಾಡಿನ ಮೇಲಲ್ಲದೆ ಹಿತ್ತಲಿನ ಅಡುಗೆಮನೆ, ಬಚ್ಚಲುಗಳ ದಕ್ಷಿಣದ ಇಳಿಜಾರಿನ ಮೇಲಿಡುವುದರಿಂದ ಬೀದಿಯ ಹಳೆಯ ರೂಪಕ್ಕೆ ಭಂಗ ಬಾರದು, ಕೊಳವೆಯ ಉದ್ದವೂ ಕಡಿಮೆಯಾಗುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟು ಗಿಲಾಯಿ ಮಾಡಬಾರದು; ಒಳಸೇರಿದ ತೇವ ಹೊರಬರಲಾಗದೆ ಗೋಡೆ ಕುಸಿಯುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಯೋಗ್ಯ.

ಇದರೊಡನೆ ಹಳೆಯ ಮನೆಗಳ ಕೊರತೆಗಳನ್ನೂ ಪ್ರಾಮಾಣಿಕವಾಗಿ ನೀಗಬೇಕು. ಸಾಕಷ್ಟು ಶೌಚಾಲಯ, ಬೆಂಕಿಯಿಂದ ರಕ್ಷಣೆ, ವಿದ್ಯಾರ್ಥಿನಿಯರಿಗೆ ಸುರಕ್ಷಿತವಾದ ಏಕಾಂತ ಇವುಗಳಿಲ್ಲದ ಕಟ್ಟಡ ಎಷ್ಟೇ ಪ್ರಾಚೀನವಾಗಿದ್ದರೂ ವಸತಿನಿಲಯವಾಗಲಾರದು. ಒಂದೇ ಮಾದರಿ ನಕ್ಷೆಯನ್ನು ನವಲಗುಂದದ ಬಯಲಿಗೂ ಕಲಘಟಗಿಯ ಜಡಿಮಳೆಗೂ ಅನ್ವಯಿಸುವ ರೂಢಿಯನ್ನೂ ಕೈಬಿಡಬೇಕಾಗುತ್ತದೆ.

ಸಮಾರೋಪ

ಒಟ್ಟಿನಲ್ಲಿ, ಹತ್ತನೆಯ ಶತಮಾನದ ದೀಪದ ಭೂಮಿಯಿಂದ ಇಪ್ಪತ್ತನೆಯ ಶತಮಾನದ ಪ್ರಸಾದ ನಿಲಯದವರೆಗೆ ಈ ನಾಡಿನಲ್ಲಿ ವಿದ್ಯಾರ್ಥಿಯ ಬೆಳಕು ಮತ್ತು ಉರುವಲು ಸಮಾಜದ ಹೊಣೆಯಾಗಿದ್ದವು. ಕಟ್ಟಡ ಆ ಹೊಣೆಯ ದೊಡ್ಡ ಭಾಗವನ್ನು ತಾನೇ ಹೊರುತ್ತಿತ್ತು. ಕಟ್ಟಡ ಆ ಕೆಲಸವನ್ನು ನಿಲ್ಲಿಸಿದಾಗ ಭಾರ ಬಡ ವಿದ್ಯಾರ್ಥಿಯ ಮೇಲೆ ಬೀಳುತ್ತದೆಂಬುದು ಕಳೆದ ಅರ್ಧ ಶತಮಾನದ ಪಾಠ. ಹಳೆಯ ಕಟ್ಟಡವನ್ನು ಉಳಿಸುವಾಗ ಅದರ ಮಾಡು, ಗೋಡೆಗಳ ವಿವೇಕವನ್ನು ಉಳಿಸಿಕೊಂಡು, ಅದರ ಹೊಸ್ತಿಲು ಹಿಂದೆ ಕೆಲವರಿಗೆ ಒಡ್ಡಿದ್ದ ತಡೆಯನ್ನು ಮಾತ್ರ ತೆಗೆದುಹಾಕಬೇಕಾಗಿದೆ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಪಾಲನ್ನು ಮೀಸಲಿಟ್ಟ ಶಾಸನಕಾರರ ದೂರದೃಷ್ಟಿ ಮತ್ತು ಕೊಪ್ಪದಕೇರಿಯಲ್ಲಿ ನಿಲಯ ತೆರೆದವರ ಸಮದೃಷ್ಟಿ ಇವೆರಡೂ ಕೂಡಿದಾಗ, ಕಲಘಟಗಿಯ ಹಂಚಿನ ಮನೆ ಮುಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಆಸರೆಯಾಗಬಲ್ಲದು.